ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಕಬ್ಬಿಣದ ಬೆಣೆ: ಹಳೆಯ ಮೀಟರ್‌ಗೇಜ್ ದಾರಿಯಲ್ಲಿ ದುಡಿದವರು ತಿಳಿಸಿಕೊಡಬಹುದೇ?

ಯಲಿಯೂರಿನ ಮೊಮ್ಮಗಳು ಕೇಳಿದ್ದು:

ಎಲ್ಲ ಹಿರಿಯರಿಗೂ ನಮಸ್ಕಾರ.

ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ರೈಲು ದಾರಿಯ ಪಕ್ಕದಲ್ಲೇ ಇರುವ ನಮ್ಮ ತಾಯಿಯ ತವರುಮನೆಯ ನಾಡಹೆಂಚು ಇಳಿಸಿ ತಾರಸಿ ಹಾಕಿಸುವ ಕೆಲಸವನ್ನು ಕಳೆದ ತಿಂಗಳು ಹಿಡಿದಾಗ, ಅಟ್ಟದ ಮೂಲೆಯಲ್ಲಿದ್ದ ತಾತನ ತಗಡಿನ ಟ್ರಂಕನ್ನು ಕೆಳಗಿಳಿಸಬೇಕಾಯಿತು. ಅದರಲ್ಲಿ ನಾಲ್ಕು ವಸ್ತುಗಳಿದ್ದವು. ಮೊದಲನೆಯದು ಮೊಟ್ಟೆಯಾಕಾರದ ಒಂದು ಹಿತ್ತಾಳೆಯ ಬಿಲ್ಲೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಅದರಲ್ಲಿ ‘ಎಂ.ಎಸ್.ಆರ್.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ ಅವುಗಳ ಕೆಳಗೆ ಒಂದು ಸಂಖ್ಯೆಯೂ ಕಾಣಿಸಿದವು. ಎರಡನೆಯದು ಕೆಂಪು, ಹಸಿರು ಗಾಜುಗಳಿರುವ ಸೀಮೆಎಣ್ಣೆಯ ಕೈದೀಪ. ಮೂರನೆಯದು ಹಿಡಿಗೆ ಹುಳು ಹಿಡಿದಿರುವ ಒಂದು ಸುತ್ತಿಗೆ; ಅದರ ತಲೆ ಚಿಕ್ಕದು, ಹಿಡಿ ಮಾತ್ರ ನನ್ನ ಸೊಂಟದವರೆಗೆ ಬರುತ್ತದೆ. ನಾಲ್ಕನೆಯದು ಗೇಣಿಗಿಂತ ತುಸು ಕಡಿಮೆ ಉದ್ದದ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣಗಾಗುತ್ತ ಹೋಗುವ ಕಬ್ಬಿಣದ ಬೆಣೆ. ಅದನ್ನು ನೋಡಿದ ಗಾರೆ ಕೆಲಸದವರು ನೇಗಿಲಿನದೆಂದರು, ನಮ್ಮ ಸೋದರಮಾವ ಗಾಡಿಯ ಕೀಲೆಂದರು.

ತಾತ 1948ರಲ್ಲಿ ಕೆಲಸಕ್ಕೆ ಸೇರಿ 1986ರಲ್ಲಿ ನಿವೃತ್ತರಾದರು. ಅವರು ತೀರಿಕೊಂಡಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಏನು ಕೆಲಸ ತಾತ ಎಂದು ಕೇಳಿದರೆ ‘ಲೈನಿನ ಮೇಲಿದ್ದೆ ಕಣವ್ವ’ ಎನ್ನುವುದನ್ನು ಬಿಟ್ಟು ಅವರು ಹೆಚ್ಚು ಹೇಳಿದವರಲ್ಲ. ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ಹೋಗುತ್ತಿದ್ದರು, ಹೆಗಲ ಮೇಲೆ ಯಾವಾಗಲೂ ಒಂದು ಚೀಲ ಇರುತ್ತಿತ್ತು ಎಂದು ಅಮ್ಮ ಹೇಳುತ್ತಾರೆ. ಸೇವಾ ದಾಖಲೆ ಸಿಗಬಹುದೇನೋ ಎಂದು ಒಂದು ಕಚೇರಿಗೆ ಎರಡು ಸಲ ಹೋಗಿ ಬಂದೆ. ಮೀಟರ್‌ಗೇಜ್ ಕಾಲದ ಕಾಗದಗಳನ್ನು ಈಗ ಯಾರೂ ಹುಡುಕಿಕೊಡುವುದಿಲ್ಲ ಎಂದು ಅಲ್ಲಿದ್ದವರು ಸಮಾಧಾನವಾಗಿಯೇ ಹೇಳಿ ಕಳುಹಿಸಿದರು.

ನನ್ನ ಪ್ರಶ್ನೆ ಎರಡು. ಈ ವಸ್ತುಗಳನ್ನು ಇಟ್ಟುಕೊಂಡಿದ್ದವರು ಮಾಡುತ್ತಿದ್ದ ಕೆಲಸ ಯಾವುದು? ಇನ್ನೊಂದು ತೀರ ಸಣ್ಣದು, ನಗಬೇಡಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಎಲ್ಲರೂ ಬೆರಳಿನಿಂದ ತಟ್ಟಿ ನೋಡುತ್ತಾರೆ. ಆದರೆ ನಮ್ಮ ತಾತ ಬಾಗಿಲಿನ ಚೌಕಟ್ಟು, ಮಂಚದ ಕಾಲು, ಗಾಡಿಯ ಅಚ್ಚು, ಹೋದ ಮನೆಗಳ ಕಿಟಕಿಯ ಸರಳು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಬೀಗರ ಮನೆಯಲ್ಲೂ ಹೀಗೆ ಮಾಡಿ ಅಜ್ಜಿಯಿಂದ ಬೈಸಿಕೊಂಡಿದ್ದರಂತೆ. ಇದಕ್ಕೂ ಅವರ ಕೆಲಸಕ್ಕೂ ಏನಾದರೂ ಸಂಬಂಧವಿದೆಯೇ?

ಹಸಿರು ಬಾವುಟ ಅವರ ಉತ್ತರ:

ತಾಯಿ, ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರ ಇದೆ. ನಿಮ್ಮ ತಾತ ಕೀಮನ್ ಆಗಿದ್ದರು. ನಾನು ಎಪ್ಪತ್ತರ ದಶಕದಲ್ಲಿ ಇದೇ ದಾರಿಯಲ್ಲಿ ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್ ಆಗಿ, ಅಂದರೆ ಕಂಬಿ ದಾರಿಯ ಉಸ್ತುವಾರಿ ನೋಡುವವನಾಗಿ, ಕೆಲಸ ಮಾಡಿದವನು. ನಿಮ್ಮ ಪತ್ರವನ್ನು ನನ್ನ ಮನೆಯವರಿಗೆ ಓದಿ ಹೇಳುವಾಗ ಬೆಣೆಯ ಮಾತು ಬಂದ ಕೂಡಲೇ ‘ಕೀಮನ್’ ಎಂದು ಅವರೇ ನನಗಿಂತ ಮೊದಲು ಹೇಳಿಬಿಟ್ಟರು.

ಆ ಬೆಣೆಯೇ ಕೀ, ಅಂದರೆ ಚಾವಿ. ಆಗ ನಮ್ಮ ದಾರಿಯ ಬಹುಭಾಗದಲ್ಲಿ ಕಂಬಿಗಳ ಕೆಳಗಿದ್ದದ್ದು ಕಬ್ಬಿಣದ ಸ್ಲೀಪರುಗಳು. ಸ್ಲೀಪರಿನ ಮೇಲೆ ಕಂಬಿಯ ಪಾದವನ್ನು ಹಿಡಿದುಕೊಳ್ಳುವ ದವಡೆಯಂಥ ಒಂದು ಏರ್ಪಾಡು ಇರುತ್ತದೆ; ದವಡೆಗೂ ಕಂಬಿಗೂ ನಡುವೆ ಉಳಿಯುವ ಸಂದಿನಲ್ಲಿ ಈ ಬೆಣೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕಂಬಿಯನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಅದೊಂದೇ. ಆದರೆ ಪ್ರತಿ ಗಾಡಿ ಹಾದುಹೋದಾಗಲೂ ಕಂಬಿ ಅದುರುತ್ತದೆ, ಬೆಣೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ನೂರು ಗಾಡಿ ಹೋದರೆ ನೂರು ಕೂದಲೆಳೆ ಸರಿದು ಒಂದು ದಿನ ಕಳಚಿ ಜಲ್ಲಿಯ ಮೇಲೆ ಬೀಳುತ್ತದೆ. ಹಾಗೆ ಬೀಳುವುದಕ್ಕೆ ಮೊದಲು ಅದನ್ನು ಕಂಡುಹಿಡಿದು ಮತ್ತೆ ಬಡಿದು ಕೂರಿಸುವುದು, ಬಿದ್ದುಹೋಗಿದ್ದರೆ ಚೀಲದಿಂದ ಬೇರೊಂದನ್ನು ತೆಗೆದು ಹಾಕುವುದು ಕೀಮನ್ನನ ಕೆಲಸ. ನಿಮ್ಮ ಅಮ್ಮ ನೋಡಿದ ಚೀಲದಲ್ಲಿ ಒಂದೆರಡು ಹೆಚ್ಚುವರಿ ಬೆಣೆ, ಸ್ಪ್ಯಾನರ್, ಕೆಂಪು ಮತ್ತು ಹಸಿರು ಬಾವುಟ, ಗಾಡಿ ನಿಲ್ಲಿಸಲು ಕಂಬಿಗೆ ಕಟ್ಟುವ ಸಿಡಿಮದ್ದುಗಳ, ಅಂದರೆ ಡಿಟೊನೇಟರುಗಳ ಡಬ್ಬಿ ಇರುತ್ತಿದ್ದವು. ಮುದ್ದೆಯ ಡಬ್ಬಿಗೆ ಅದರಲ್ಲೇ ಜಾಗ ಮಾಡಿಕೊಳ್ಳಬೇಕಾಗಿತ್ತು.

ದಾರಿ ದುರಸ್ತಿಯ ಕೆಲಸಗಾರರ ಪ್ರತಿ ತಂಡಕ್ಕೂ, ಅಂದರೆ ಗ್ಯಾಂಗಿಗೂ, ಐದಾರು ಕಿಲೋಮೀಟರ್ ದಾರಿ. ಗ್ಯಾಂಗಿನ ಉಳಿದವರು ಮೇಸ್ತ್ರಿಯ ಕೈಕೆಳಗೆ ಒಂದು ಕಡೆ ನಿಂತು ಹಾರೆಯಿಂದ ಕಂಬಿ ಎತ್ತಿ, ಬೀಟರಿನಿಂದ ಸ್ಲೀಪರಿನಡಿಗೆ ಜಲ್ಲಿ ತುಂಬುತ್ತಿದ್ದರು. ಮೇಸ್ತ್ರಿ ದೂರದಲ್ಲಿ ಮೊಣಕಾಲೂರಿ, ಕಂಬಿಯ ಮೇಲೆ ಕೆನ್ನೆ ಇಟ್ಟಂತೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ ಇನ್ನಷ್ಟು, ಇನ್ನಷ್ಟು ಎಂದು ಕೈಸನ್ನೆ ಮಾಡುತ್ತಿದ್ದರು. ಕೀಮನ್ ಮಾತ್ರ ಒಂಟಿ. ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು ಕಂಬಿ ನೋಡಿಕೊಂಡು ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯಬೇಕು, ಅದೂ ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಹಾಕಿಕೊಂಡು. ಸ್ಲೀಪರುಗಳ ಅಂತರ ಮನುಷ್ಯನ ಸಹಜ ಹೆಜ್ಜೆಗೆ ಹೊಂದುವುದಿಲ್ಲ ಎಂಬುದು ನಡೆದವರಿಗೇ ಗೊತ್ತು. ನಿವೃತ್ತರಾದ ಕೀಮನ್ನರು ಊರ ಬೀದಿಯಲ್ಲೂ ಗಿಡ್ಡ ಹೆಜ್ಜೆ ಇಡುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಇನ್ನು ತಟ್ಟುವ ವಿಷಯ. ಸಾವಿರಾರು ಬೆಣೆಗಳನ್ನು ಒಂದೊಂದಾಗಿ ಬಗ್ಗಿ ನೋಡುತ್ತ ಹೋದರೆ ಬೆಳಗು ಮುಗಿದು ಸಂಜೆಯಾದರೂ ಮುಗಿಯುವುದಿಲ್ಲ. ಆದ್ದರಿಂದಲೇ ಸುತ್ತಿಗೆಗೆ ಉದ್ದನೆಯ ಹಿಡಿ. ಪಳಗಿದ ಕೀಮನ್ ಬಗ್ಗದೆ, ನಿಲ್ಲದೆ, ನಡೆಯುತ್ತಲೇ ಬೆಣೆಯ ತಲೆಗೆ ಒಂದು ಏಟು ಕೊಡುತ್ತಾನೆ. ಬಿಗಿಯಾಗಿ ಕೂತದ್ದು ‘ಠಣ್’ ಎನ್ನುತ್ತದೆ, ಸಡಿಲವಾದದ್ದು ‘ಥಡ್’ ಎನ್ನುತ್ತದೆ. ಮೂವತ್ತು ವರ್ಷ ಕಿವಿಯಿಂದಲೇ ನೋಡಿದವರು ಬೀಗರ ಮನೆಯ ಕಿಟಕಿಯನ್ನು ಬಿಟ್ಟಾರೆಯೇ? ನಿಮ್ಮ ಅಜ್ಜಿ ಬೈದದ್ದೂ ಸರಿಯೇ, ಬಿಡಿ.

ಒಂದು ಪ್ರಸಂಗ ಹೇಳುತ್ತೇನೆ. ಮಾಗಿಯ ಚಳಿಯ ಒಂದು ಬೆಳಗಿನ ಜಾವ, ಹನಕೆರೆಗೂ ಮಂಡ್ಯಕ್ಕೂ ನಡುವೆ ಒಬ್ಬ ಕೀಮನ್ ಕಂಬಿ ತುಂಡಾಗಿದ್ದನ್ನು ಕಂಡ. ಚಳಿಗೆ ಕಬ್ಬಿಣ ಕುಗ್ಗಿ ಎಳೆದುಕೊಳ್ಳುವುದರಿಂದ ಆ ಹೊತ್ತಿನಲ್ಲಿ ಕಂಬಿ ಬಿರಿಯುವುದು ಹೆಚ್ಚು. ಒಂಟಿ ದಾರಿ, ಆದ್ದರಿಂದ ಗಾಡಿ ಯಾವ ಕಡೆಯಿಂದಲೂ ಬರಬಹುದು, ಇರುವವನು ಒಬ್ಬನೇ. ಯಾವ ಕಡೆಯ ಗಾಡಿ ಮೊದಲು ಬರಬೇಕೋ ಆ ಕಡೆಗೆ ಮೊದಲು ಓಡಬೇಕೆಂಬುದು ನಿಯಮ, ಆದ್ದರಿಂದ ಕೀಮನ್ನನಿಗೆ ವೇಳಾಪಟ್ಟಿ ಬಾಯಿಪಾಠವಾಗಿರಬೇಕು. ಮುರಿದ ಜಾಗದಲ್ಲಿ ಕೆಂಪು ಬಾವುಟ ನೆಟ್ಟು, ಇನ್ನೊಂದನ್ನು ಬೀಸಿಕೊಂಡು ಓಡಿ, ಮೀಟರ್‌ಗೇಜಿನ ಲೆಕ್ಕದಂತೆ 400 ಮೀಟರ್ ದೂರದಲ್ಲಿ ಕಂಬಿಯ ಮೇಲೆ ಒಂದು ಡಿಟೊನೇಟರ್, 800 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಡಿಟೊನೇಟರ್ ಕಟ್ಟಬೇಕು. ಚಕ್ರ ಹತ್ತಿದೊಡನೆ ಅವು ಪಟಾಕಿಯಂತೆ ಸಿಡಿಯುತ್ತವೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಅಂದು ಅಷ್ಟೂ ಕ್ರಮವಾಗಿ ನಡೆದು ಗಾಡಿ ನಿಂತಿತು. ನಾನು ಟ್ರಾಲಿಯಲ್ಲಿ ಹೋಗಿ, ಮಂಜಿನಲ್ಲಿ ಕಣ್ಣಿಗೆ ಕಾಣದ ಬಿರುಕು ನಿನಗೆ ಹೇಗೆ ಗೊತ್ತಾಯಿತಯ್ಯ ಎಂದು ಕೇಳಿದೆ. ‘ಸದ್ದು ಒಡೆದಿತ್ತು ಸ್ವಾಮಿ’ ಎಂದ. ನಾನು ವರದಿಯಲ್ಲಿ ಬರೆದದ್ದು ಬೇರೆ ಭಾಷೆಯಲ್ಲಿ.

ಟ್ರಾಲಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಾನು ಕೊಡೆಯ ನೆರಳಿನಲ್ಲಿ ಕೂತಿರುತ್ತಿದ್ದೆ. ಹಿಂದಿನಿಂದ ಟ್ರಾಲಿಮನ್‌ಗಳು ಅಂಗೈ ಅಗಲವೂ ಇಲ್ಲದ ಕಂಬಿಯ ತಲೆಯ ಮೇಲೆ ಬರಿಗಾಲಿನಲ್ಲಿ ಓಡುತ್ತ ತಳ್ಳುತ್ತಿದ್ದರು. ಬೇಸಿಗೆಯಲ್ಲಿ ಆ ಕಂಬಿಯನ್ನು ಕೈಯಿಂದ ಮುಟ್ಟಲಾಗುತ್ತಿರಲಿಲ್ಲ. ಆಗ ಅದು ನನಗೆ ವಿಶೇಷವೆಂದು ತೋರಿರಲಿಲ್ಲ.

ಬಿಲ್ಲೆಯ ಹಿಂಬದಿಯಲ್ಲಿ ಏನಿದೆ ಎಂದು ನೋಡಿ ತಿಳಿಸಿ.

ಯಲಿಯೂರಿನ ಮೊಮ್ಮಗಳು:

ಸಾರ್, ನಿಮ್ಮ ಉತ್ತರವನ್ನು ಅಮ್ಮನಿಗೆ ಎರಡು ಸಲ ಓದಿದೆ. ಗಿಡ್ಡ ಹೆಜ್ಜೆಯ ಮಾತು ಬಂದಾಗ ಅಮ್ಮ ಎದ್ದು ತಾತನ ಹಾಗೆ ನಡೆದು ತೋರಿಸಿದರು. ಬಿಲ್ಲೆಯ ಹಿಂದೆ ಎರಡು ಹಿತ್ತಾಳೆಯ ಕೊಂಡಿಗಳಿವೆ, ಒಂದರಲ್ಲಿ ಕಪ್ಪಗಾದ ಚರ್ಮದ ತುಣುಕು ಇನ್ನೂ ಸಿಕ್ಕಿಕೊಂಡಿದೆ. ‘ಎಂ.ಎಸ್.ಆರ್.’ ಎಂಬುದು ಯಾವ ರೈಲ್ವೆ ಎಂಬುದನ್ನೂ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಸುಣ್ಣದಕೇರಿ ನಿವಾಸಿ ಅವರ ಉತ್ತರ:

ಅದು ಮೈಸೂರು ಸ್ಟೇಟ್ ರೈಲ್ವೆ. ನಿಮ್ಮ ತಾತ ಕೆಲಸಕ್ಕೆ ಸೇರಿದ 1948ರಲ್ಲಿ ಅದಕ್ಕೆ ಇನ್ನು ಎರಡೇ ವರ್ಷದ ಸ್ವತಂತ್ರ ಆಯುಷ್ಯವಿತ್ತು. 1950ರ ಏಪ್ರಿಲ್‌ನಲ್ಲಿ ಸಂಸ್ಥಾನಗಳ ರೈಲ್ವೆಗಳೆಲ್ಲ ಕೇಂದ್ರ ಸರ್ಕಾರದ ವಶಕ್ಕೆ ಹೋದವು. 1951ರ ಏಪ್ರಿಲ್ 14ರಂದು ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮತ್ತು ನಮ್ಮ ಮೈಸೂರು ರೈಲ್ವೆ ಸೇರಿ ದಕ್ಷಿಣ ರೈಲ್ವೆಯಾಯಿತು. ಹೊಸ ಹೆಸರು ಬಂದ ಮೇಲೆ ಹಳೆಯ ಅಕ್ಷರಗಳ ಬಿಲ್ಲೆಯನ್ನು ಅವರು ಮನೆಯಲ್ಲಿ ಜೋಪಾನ ಮಾಡಿದ್ದಾರೆಂದರೆ ಆ ಮೂರು ವರ್ಷಗಳ ಬಗ್ಗೆ ಅವರಿಗೆ ಅಭಿಮಾನವಿತ್ತು ಎಂದೇ ನಾನು ತಿಳಿಯುತ್ತೇನೆ.

ದಾರಿಯ ಕಥೆ ಇನ್ನೂ ಹಿಂದಿನದು. ನಮ್ಮ ಕಡೆಯ ಮುದುಕರು ‘ಧಾತು ಈಶ್ವರದ ಬರ’ ಎನ್ನುತ್ತಿದ್ದ 1876ರಿಂದ 78ರವರೆಗಿನ ಕ್ಷಾಮದಲ್ಲಿ ಮೈಸೂರು ಸೀಮೆ ಬರಿದಾಗಿ ಹೋಯಿತು. ಹಸಿದು ಬಂದವರಿಗೆ ಕೂಲಿ ಕೊಡಲೆಂದು ಹಿಡಿದ ಕಾಮಗಾರಿಗಳಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್‌ಗೇಜ್ ದಾರಿಯ ಮಣ್ಣು ಕೆಲಸವೂ ಒಂದು. 1881ರಲ್ಲಿ ಮೊದಲ ಭಾಗ ತೆರೆಯಿತು, ಅದೇ ವರ್ಷ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ರಂಗಾಚಾರ್ಲು ಅವರು ದಿವಾನರಾಗಿದ್ದ 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಸುಮಾರು 138 ಕಿಲೋಮೀಟರ್ ದಾರಿ. ಮದ್ದೂರು, ಮಂಡ್ಯಗಳಲ್ಲಿ ಏರಿಯ ಮೇಲೆ ಹೋಗುವಾಗ ಆ ಮಣ್ಣನ್ನು ಹೊತ್ತವರು ಎಂಥ ಸ್ಥಿತಿಯಲ್ಲಿದ್ದರು ಎಂಬುದು ನೆನಪಾಗದೆ ಇರುವುದಿಲ್ಲ.

ಆಮೇಲೆ ಸಾಲದ ಕಾರಣದಿಂದ 1886ರಲ್ಲಿ ದಾರಿಯನ್ನು ಸದರ್ನ್ ಮರಾಠಾ ಕಂಪನಿಯ ಕೈಗೆ ಕೊಡಬೇಕಾಯಿತು. 1891ರಲ್ಲಿ ನಂಜನಗೂಡಿಗೂ, 1926ರಲ್ಲಿ ಚಾಮರಾಜನಗರಕ್ಕೂ ಕಂಬಿ ಮುಂದುವರಿಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಸಂಸ್ಥಾನ ತನ್ನದೇ ಹಣದಿಂದ, ತನ್ನದೇ ಎಂಜಿನಿಯರುಗಳಿಂದ ಹೊಸ ದಾರಿಗಳನ್ನು ಹಾಕಿಸತೊಡಗಿತು. ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ದಾರಿ ಆ ಕಾಲದ್ದು. ಬೆಂಗಳೂರು–ಮೈಸೂರು–ನಂಜನಗೂಡು ದಾರಿಯ ಆಡಳಿತವನ್ನು ಸಂಸ್ಥಾನ ಕಂಪನಿಯಿಂದ ವಾಪಸು ಪಡೆದದ್ದು 1919ರಲ್ಲಿ, ಉಳಿದದ್ದನ್ನು ಪಡೆದದ್ದು 1938ರಲ್ಲಿ. ಅಂದರೆ ನಿಮ್ಮ ಬಿಲ್ಲೆಯ ಮೇಲಿನ ಮೂರು ಅಕ್ಷರ ಪೂರ್ತಿ ನಿಜವಾಗಿದ್ದದ್ದು ಹನ್ನೆರಡೇ ವರ್ಷ.

ಒಂದು ಅಸಮಾಧಾನವನ್ನೂ ಇಲ್ಲೇ ಬರೆಯುತ್ತೇನೆ. ಈ ದಾರಿಯ ವಿಷಯ ಎತ್ತಿದರೆ ಸಾಕು, ಮದ್ದೂರು ಸ್ಟೇಷನ್ನಿನಲ್ಲಿ 1917ರಲ್ಲಿ ವಡೆ ಹುಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1979ರಲ್ಲಿ ಮೈಸೂರಿನಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿರುವ ಮಹಾರಾಣಿಯವರ ಸಲೂನನ್ನು, ಅಂದರೆ ಅವರ ಖಾಸಗಿ ಬೋಗಿಯನ್ನು, ನೋಡಿ ಬಂದವರು ಅದರ ಅಡುಗೆಮನೆಯನ್ನೂ ಸ್ನಾನದ ಕೋಣೆಯನ್ನೂ ಬಾಯಿ ತುಂಬ ವರ್ಣಿಸುತ್ತಾರೆ. ನಾನೂ ಅದೇ ಗುಂಪಿನವನು. ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಸಲೂನು ತೋರಿಸಿದ್ದೇನೆ. ಆ ಸಲೂನು ಯಾವ ಬೆಣೆಗಳ ಮೇಲೆ ಓಡಿತು ಎಂದು ಹಸಿರು ಬಾವುಟ ಅವರ ಪತ್ರ ಓದುವವರೆಗೆ ನನಗೂ ಹೊಳೆದಿರಲಿಲ್ಲ.

ಅಶೋಕಪುರಂ ಮಗಳು ಅವರ ಉತ್ತರ:

ಬಿಲ್ಲೆಯ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ತಂದೆ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದರು. ಅಲ್ಲಿಯೂ ಹಿತ್ತಾಳೆಯ ಬಿಲ್ಲೆ ಇತ್ತು, ಆದರೆ ಅದು ದುಂಡಗೆ, ಮೇಲೊಂದು ತೂತು, ಸಂಖ್ಯೆ ಮಾತ್ರ. ಬೆಳಗ್ಗೆ ಗೇಟಿನಲ್ಲಿ ತೆಗೆದುಕೊಂಡು ಸಂಜೆ ಅಲ್ಲೇ ಬಿಟ್ಟುಬರಬೇಕಾದ ಟೋಕನ್ನು ಅದು. ಹಾಜರಿಯ ಲೆಕ್ಕ ಅದರಿಂದಲೇ. ನಿಮ್ಮಲ್ಲಿರುವುದಕ್ಕೆ ಕೊಂಡಿ, ಚರ್ಮದ ಪಟ್ಟಿ ಇರುವುದರಿಂದ ಅದು ತೋಳಿಗೆ ಕಟ್ಟಿಕೊಳ್ಳುವ ಬಿಲ್ಲೆ. ಹೊರಗೆ, ಜನರ ಕಣ್ಣೆದುರು ಕೆಲಸ ಮಾಡುವವರಿಗೆ ಕೊಡುತ್ತಿದ್ದದ್ದು.

ವರ್ಕ್‌ಶಾಪು 1924ರಲ್ಲಿ, ಮಹಾರಾಜರ ಕಾಲದಲ್ಲಿ ಶುರುವಾದದ್ದು. ಅಶೋಕಪುರಂನ ಎಷ್ಟೋ ಮನೆಗಳಿಗೆ ಅದೇ ಅನ್ನ. ಸೈರನ್ ಕೂಗಿದರೆ ಬೀದಿಯ ತುಂಬ ಸೈಕಲ್ಲು. ನಮ್ಮ ಅವ್ವ ಗಡಿಯಾರ ನೋಡುವುದನ್ನು ಕಲಿತದ್ದೇ ಅಪ್ಪ ನಿವೃತ್ತರಾದ ಮೇಲೆ. ಮೀಟರ್‌ಗೇಜ್ ಬೋಗಿಗಳು ಸರದಿಯ ಮೇಲೆ ಅಲ್ಲಿಗೆ ಬಂದು, ಚಕ್ರ ಬೇರೆ ಒಡಲು ಬೇರೆಯಾಗಿ, ರಿಪೇರಿಯಾಗಿ ಹೋಗುತ್ತಿದ್ದವು. ಹಳೆಯ ಬೋಗಿಗಳಲ್ಲಿ ತೇಗದ ಕೆಲಸ ಬಹಳ. ಕಿಟಕಿಯ ಮರದ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಮಳೆನೀರು ಒಳಗೆ ಇಳಿಯದ ಹಾಗೆ ಓರೆ ನೋಡಿ ಕೂರಿಸುವುದು ಅಪ್ಪನ ಕೆಲಸವಾಗಿತ್ತು. ನಾವು ಮನೆಮಂದಿಯೆಲ್ಲ ರೈಲಿನಲ್ಲಿ ಹೊರಟರೆ ಅಪ್ಪ ಮೊದಲು ಕಿಟಕಿಯನ್ನು ಎತ್ತಿ ಇಳಿಸಿ ನೋಡುತ್ತಿದ್ದರು. ಸಲೀಸಾಗಿ ಇಳಿದರೆ ಏನೂ ಹೇಳುತ್ತಿರಲಿಲ್ಲ. ಸಿಕ್ಕಿಕೊಂಡರೆ ‘ಇದು ನಮ್ಮ ಶಾಪಿನದಲ್ಲ’ ಎನ್ನುತ್ತಿದ್ದರು. ಹಾಗೆ ಅವರು ಹೇಳಿದ ಬೋಗಿಗಳಲ್ಲಿ ಅರ್ಧದಷ್ಟಾದರೂ ಅವರ ಶಾಪಿನವೇ ಆಗಿದ್ದಿರಬೇಕು ಎಂಬುದು ಅವ್ವನ ಅಭಿಪ್ರಾಯ.

ಇನ್ನೊಂದು ನೆನಪು. ಉಗಿ ಎಂಜಿನ್ನುಗಳು ಬೂದಿ ಕೆಡವುವ ಹೊಂಡದ ಹತ್ತಿರ, ಅರ್ಧ ಬೆಂದು ಉಳಿದ ಇದ್ದಿಲನ್ನು ಆರಿಸಲು ನಮ್ಮ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಹೋಗುತ್ತಿದ್ದರು. ಮೇಲೆ ಬೂದಿಯಾಗಿ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತಿತ್ತು. ನಮ್ಮ ಅವ್ವನ ಎಡಗೈ ಹೆಬ್ಬೆರಳಿನಲ್ಲಿ ಅದರ ಗುರುತು ಈಗಲೂ ಇದೆ. ಆ ಇದ್ದಿಲು ಒಲೆಗೆ ಬಿದ್ದ ದಿನ ಸೌದೆಯ ದುಡ್ಡು ಉಳಿಯುತ್ತಿತ್ತು. ರೈಲ್ವೆಯ ಕೆಲಸಗಾರರ ಪಟ್ಟಿಯಲ್ಲಿ ಇವರ ಹೆಸರು ಇರಲಿಲ್ಲ, ಆದರೆ ಎಂಜಿನ್ನಿನ ಹೊತ್ತು ಇವರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಕಪಿಲೆಯ ದಂಡೆ ಅವರ ಉತ್ತರ:

ನಾನು ನಂಜನಗೂಡಿನವನು, ರೈಲ್ವೆಯಲ್ಲಿ ಕೆಲಸ ಮಾಡಿದವನಲ್ಲ. ಆದರೆ ನಮ್ಮ ಊರಿನ ಹಳೆಯ ಸೇತುವೆಯ ಮೇಲೆ ಕೀಮನ್ನನ ಹಿಂದೆ ಹಿಂದೆ ನಡೆದ ಹುಡುಗರಲ್ಲಿ ಒಬ್ಬ, ಆದ್ದರಿಂದ ಬರೆಯುತ್ತಿದ್ದೇನೆ.

ಕಪಿಲೆಗೆ ಅಡ್ಡಲಾಗಿ 1735ರಲ್ಲಿ ದಳವಾಯಿಗಳು ಕಟ್ಟಿಸಿದ ಕಲ್ಲಿನ ಸೇತುವೆ ಅದು. ರೈಲು ಎಂಬುದನ್ನು ಕಂಡೇ ಇಲ್ಲದವರು ಎತ್ತಿನ ಗಾಡಿಗಳಿಗೆಂದು ಕಟ್ಟಿದ ಸೇತುವೆಯ ಒಂದು ಬದಿಯಲ್ಲಿ ಕಂಬಿ ಹಾಸಿ, ಇನ್ನೊಂದು ಬದಿಯನ್ನು ರಸ್ತೆಗೆ ಬಿಟ್ಟಿದ್ದರು. ಬಸ್ಸು, ಜಟಕಾ, ಹಾಲಿನ ಸೈಕಲ್ಲು, ರಸಬಾಳೆಯ ಗಾಡಿ ಎಲ್ಲವೂ ಎಂಜಿನ್ನಿನ ಪಕ್ಕದಲ್ಲೇ ಹೋಗುತ್ತಿದ್ದವು. ಗಾಡಿ ಅಲ್ಲಿ ಮನುಷ್ಯ ನಡೆದಷ್ಟೇ ನಿಧಾನವಾಗಿ ಬರುತ್ತಿತ್ತು. ಒಮ್ಮೆ ನಮ್ಮ ಚಿಕ್ಕಪ್ಪ ಸೇತುವೆಯ ಆ ತುದಿಯಿಂದ ಈ ತುದಿಯವರೆಗೆ ಡ್ರೈವರಿನ ಜೊತೆ ಮಳೆ ಬೆಳೆಯ ಮಾತಾಡಿಕೊಂಡು ನಡೆದು ಬಂದಿದ್ದರು, ಡ್ರೈವರ್ ಎಂಜಿನ್ನಿನಲ್ಲಿ, ಚಿಕ್ಕಪ್ಪ ರಸ್ತೆಯಲ್ಲಿ.

ಕೀಮನ್ ಸೇತುವೆಯ ಮೇಲೆ ಬಂದಾಗ ಏಟಿನ ಸದ್ದು ಬದಲಾಗುತ್ತಿತ್ತು. ಹೊಲದ ಬದಿಯಲ್ಲಿ ‘ಠಣ್’ ಎಂದದ್ದು ಇಲ್ಲಿ ಕಲ್ಲಿನ ಕಮಾನುಗಳಿಗೂ ನೀರಿಗೂ ತಾಗಿ ಉದ್ದವಾಗಿ ಎಳೆಯುತ್ತಿತ್ತು. ಹೊಳೆ ತುಂಬಿದ್ದರೆ ಒಂದು ಥರ, ಇಳಿದಿದ್ದರೆ ಇನ್ನೊಂದು ಥರ. ನಮ್ಮ ಕಡೆಗೆ ಬರುತ್ತಿದ್ದ ಕೀಮನ್ ನಮ್ಮನ್ನು ಗದರಿಸಿ ಓಡಿಸುತ್ತಿದ್ದ, ಓಡಿಸಿದ ಮೇಲೆ ತಾನೇ ಕರೆದು ಸುತ್ತಿಗೆ ಕೊಟ್ಟು ಒಂದೇ ಒಂದು ಏಟು ಹಾಕಲು ಬಿಡುತ್ತಿದ್ದ. ಜಾತ್ರೆಗೆ ಮುಂಚಿನ ದಿನಗಳಲ್ಲಿ ಮಾತ್ರ ಅವನನ್ನು ಮಾತಾಡಿಸುವ ಹಾಗಿರಲಿಲ್ಲ. ಪಂಚರಥದ ಹೊತ್ತಿಗೆ ಮೈಸೂರಿನಿಂದ ಬರುವ ಗಾಡಿಗಳಲ್ಲಿ ಜನ ಬಾಗಿಲಿನಲ್ಲಿ ನೇತಾಡಿಕೊಂಡು ಬರುತ್ತಿದ್ದರು, ಆ ಭಾರವನ್ನೆಲ್ಲ ಅವನು ತನ್ನ ತಲೆಯ ಮೇಲೆ ಹೊತ್ತವನಂತೆ ಓಡಾಡುತ್ತಿದ್ದ.

ಮೀಟರ್‌ಗೇಜ್ ನಿಂತು, ಪಕ್ಕದಲ್ಲಿ ಹೊಸ ಸೇತುವೆಯಾಗಿ, 2008ರಲ್ಲಿ ಬ್ರಾಡ್‌ಗೇಜ್ ಗಾಡಿ ಚಾಮರಾಜನಗರಕ್ಕೆ ಹೋಗತೊಡಗಿತು. ಹಳೆಯ ಸೇತುವೆ ಈಗಲೂ ನಿಂತಿದೆ. ಹಸಿರು ಬಾವುಟ ಅವರಲ್ಲಿ ನನ್ನದೊಂದು ಪ್ರಶ್ನೆ: ಈಗಿನ ದಾರಿಗಳಲ್ಲಿ ಈ ಬೆಣೆ ಕಾಣುವುದೇ ಇಲ್ಲವಲ್ಲ, ಹಾಗಾದರೆ ಕೀಮನ್ನರು ಏನಾದರು?

ಹಸಿರು ಬಾವುಟ:

ಒಳ್ಳೆಯ ಪ್ರಶ್ನೆ. ಈಗ ಕಾಂಕ್ರೀಟ್ ಸ್ಲೀಪರು. ಕಂಬಿಯನ್ನು ಹಿಡಿಯುವುದು ಬಾಗಿಸಿದ ಉಕ್ಕಿನ ಕ್ಲಿಪ್ಪು. ಬೆಣೆ ಹೋಯಿತು, ಕೀಮನ್ ಎಂಬ ಹೆಸರು ಉಳಿಯಿತು. ಕ್ಲಿಪ್ಪು ಕಳಚಿದೆಯೇ, ಕಂಬಿ ಬಿರಿದಿದೆಯೇ, ಯಾರಾದರೂ ಏನನ್ನಾದರೂ ಅಡ್ಡ ಇಟ್ಟಿದ್ದಾರೆಯೇ ಎಂದು ನೋಡುತ್ತ ಈಗಿನ ಕೀಮನ್ನೂ ಬೆಳಗಾಗುವ ಹೊತ್ತಿಗೆ ಸುತ್ತಿಗೆ ಹಿಡಿದು ನಡೆಯುತ್ತಾನೆ. ಮಂಡ್ಯದ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ, ನಿನ್ನನ್ನು ಕೀಮನ್ ಎಂದು ಯಾಕೆ ಕರೆಯುತ್ತಾರೆ ಗೊತ್ತೇನಪ್ಪ ಎಂದು ಕೇಳಿದ್ದೆ. ಟೂಲ್ ಬಾಕ್ಸಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದಲ್ಲ ಸಾರ್, ಅದಕ್ಕೇ ಎಂದ. ತಿದ್ದಬೇಕೆನಿಸಲಿಲ್ಲ.

ಬೆಂಗಳೂರು–ಮೈಸೂರು ದಾರಿ ಬ್ರಾಡ್‌ಗೇಜ್ ಆದದ್ದು 1993ರ ಹೊತ್ತಿಗೆ. ಒಂದು ಮೀಟರ್ ಅಗಲದ ದಾರಿಯನ್ನು ಬಿಚ್ಚಿ 1,676 ಮಿಲಿಮೀಟರಿನದನ್ನು ಕೂರಿಸುವಾಗ ಕಿತ್ತು ತೆಗೆದ ಬೆಣೆಗಳು ಸ್ಟೇಷನ್ ಅಂಗಳಗಳಲ್ಲಿ ಹುಣಸೆ ಬೋಟಿನ ರಾಶಿಯ ಹಾಗೆ ಬಿದ್ದಿದ್ದವು, ಟನ್ನುಗಟ್ಟಲೆ ಗುಜರಿಗೆ ಹೋದವು. ನಿಮ್ಮ ತಾತನ ಬೆಣೆಯ ಮೇಲೆ ಸುತ್ತಿಗೆಯ ಏಟಿನಿಂದ ತಲೆ ಚಪ್ಪಟೆಯಾಗಿ ಅಂಚು ಹೊರಕ್ಕೆ ಮಡಿಚಿದೆಯೇ ನೋಡಿ, ತಾಯಿ. ಮಡಿಚಿದ್ದರೆ ಅದು ಬಹಳ ಕಾಲ ಕಂಬಿಯಲ್ಲಿ ಕೂತಿದ್ದದ್ದು. ಚೂಪಾಗಿದ್ದರೆ ಚೀಲದಲ್ಲಿದ್ದ ಹೆಚ್ಚುವರಿ.

ಯಲಿಯೂರಿನ ಮೊಮ್ಮಗಳು:

ಎಲ್ಲರಿಗೂ ಕೈಮುಗಿಯುತ್ತೇನೆ. ಅಂಚು ಮಡಿಚಿದೆ ಸಾರ್, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಭಾನುವಾರ ಅಜ್ಜಿಯ ಹತ್ತಿರ ಹೋಗಿ ನಿಮ್ಮೆಲ್ಲರ ಉತ್ತರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಜ್ಜಿಗೆ ಈಗ ಎಂಬತ್ತೆಂಟು, ಕಿವಿ ಮಂದ, ಆದ್ದರಿಂದ ಕೂಗಿ ಓದಬೇಕಾಯಿತು. ಅಕ್ಕಪಕ್ಕದ ಮನೆಯವರೂ ಬಂದು ಜಗುಲಿಯ ಮೇಲೆ ಕೂತರು. ಮಳೆಗಾಲದ ರಾತ್ರಿಗಳಲ್ಲಿ ಇದೇ ದೀಪ ಹಿಡಿದು ಗಸ್ತಿಗೆ ಹೋಗುತ್ತಿದ್ದರೆಂದು ಅಜ್ಜಿ ತಾವಾಗಿಯೇ ಹೇಳಿದರು. ಹಸಿರು ಗಾಜು ಒಮ್ಮೆ ಬಿರುಕು ಬಿಟ್ಟಾಗ ದಂಡ ಹಾಕುತ್ತಾರೆಂಬ ಭಯಕ್ಕೆ ತಾತ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಬಟವಾಡೆಯ ದಿನ ಗುಮಾಸ್ತರು ಹಣದ ಪೆಟ್ಟಿಗೆಯೊಡನೆ ಗಾಡಿಯಲ್ಲಿ ಬರುತ್ತಿದ್ದರು, ಎಲ್ಲರೂ ಹೆಬ್ಬೆಟ್ಟು ಒತ್ತಿದರೆ ತಾತ ಮಾತ್ರ ಸಹಿ ಹಾಕುತ್ತಿದ್ದರು ಎಂಬುದನ್ನು ಮೂರು ಸಲ ಹೇಳಿದರು.

ಬೆಣೆಯ ವಿವರಣೆ ಬಂದಾಗ ಅಜ್ಜಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತೂಗಿ ನೋಡಿ, ‘ಇದರ ಜೊತೆಯದು ಎಲ್ಲಿ?’ ಎಂದು ಕೇಳಿದರು. ಪೆಟ್ಟಿಗೆಯಲ್ಲಿ ಒಂದೇ ಇತ್ತು ಎಂದೆವು. ಅಜ್ಜಿ ಏನೂ ಹೇಳದೆ ತಮ್ಮ ಮಂಚದ ಕಡೆ ಕೈ ತೋರಿಸಿದರು. ಹಳೆಯ ಹೊನ್ನೆ ಮಂಚ. ಮೂಲೆಯ ಕಾಲಿನ ಕೆಳಗೆ ನೆಲ ತಗ್ಗಾಗಿರುವ ಕಡೆ ಕಪ್ಪಗಿನ ಕಬ್ಬಿಣದ ತುಂಡೊಂದು ಸಿಕ್ಕಿಸಿದ್ದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೆವು, ಕಸ ಗುಡಿಸುವಾಗ ಪೊರಕೆಗೆ ತಾಗುತ್ತಿತ್ತು. ಬಗ್ಗಿ ನೋಡಿದರೆ ಅದೇ ಬೆಣೆ, ತಲೆ ಇನ್ನೂ ಚೂಪಾಗಿದೆ. ಅದನ್ನೂ ಹೊರತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಚಿತ್ರ ತೆಗೆದು ಇಲ್ಲಿ ಹಾಕಬೇಕೆಂದು ನನ್ನ ಆಸೆಯಾಗಿತ್ತು. ಅಜ್ಜಿ ಒಪ್ಪಲಿಲ್ಲ. ‘ಅದನ್ನು ಕೂರಿಸಿದ ಮೇಲೆ ಮಂಚ ಒಂದು ದಿನವೂ ಅಲುಗಾಡಿಲ್ಲ, ಮುಟ್ಟಬೇಡ’ ಎಂದರು. ಆದ್ದರಿಂದ ಚಿತ್ರದಲ್ಲಿ ಒಂದೇ ಬೆಣೆ ಇದೆ, ಕ್ಷಮಿಸಿ.